ಅವರು ಮೊದಲೇ ಹೇಳಿದ್ದರು

1845ರಲ್ಲಿ ಇಂಗ್ಲೆಂಡಿನಿಂದ ಎರಡು ಹಡಗುಗಳು ಉತ್ತರಕ್ಕೆ ಹೊರಟವು. ಒಂದರ ಹೆಸರು ಎರೆಬಸ್, ಇನ್ನೊಂದು ಟೆರರ್. ನಾಯಕ ಜಾನ್ ಫ್ರಾಂಕ್ಲಿನ್. ಕೆನಡಾದ ಮೇಲಿನ ಹಿಮಸಮುದ್ರದಲ್ಲಿ ದಾರಿ ಹುಡುಕಿಕೊಂಡು ಪೆಸಿಫಿಕ್ ಸಾಗರ ಸೇರಬೇಕು ಅನ್ನೋದು ಅವರ ಉದ್ದೇಶ. ಹಿಮದೊಳಗೆ ಹೋದ 129 ಜನರಲ್ಲಿ ಒಬ್ಬರೂ ವಾಪಸ್ ಬರಲಿಲ್ಲ. ಅವರನ್ನು ಹುಡುಕಲು ವರ್ಷಗಟ್ಟಲೆ ಹಡಗುಗಳು ಹೋದವು, ಹಣ ಸುರಿಯಲಾಯಿತು, ಬಹುಮಾನ ಘೋಷಿಸಲಾಯಿತು.

ಏನಾಯಿತು ಅನ್ನೋದು ಅಲ್ಲಿಯೇ ವಾಸವಿದ್ದ ಇನುಯಿಟ್ ಜನರಿಗೆ ಗೊತ್ತಿತ್ತು. 1854ರಲ್ಲಿ ಜಾನ್ ರೇ ಎಂಬ ವೈದ್ಯರು ಅವರ ಬಾಯಿಂದಲೇ ಅದನ್ನು ಕೇಳಿಸಿಕೊಂಡರು. ರೇ ಹಡ್ಸನ್ಸ್ ಬೇ ಕಂಪನಿಯ ಕೆಲಸಕ್ಕಾಗಿ ಆ ಕಡೆ ಓಡಾಡುತ್ತಿದ್ದವರು. ಬಿಳಿ ಜನರ ಒಂದು ದೊಡ್ಡ ಗುಂಪು ನದಿಯೊಂದರ ಹತ್ತಿರ ಹಸಿವಿನಿಂದ ಸತ್ತಿತು, ಕೊನೆಕೊನೆಗೆ ಸತ್ತವರ ದೇಹವನ್ನೇ ತಿಂದ ಗುರುತುಗಳಿದ್ದವು ಅಂತ ಇನುಯಿಟರು ಹೇಳಿದರು. ಅವರ ಹತ್ತಿರ ಆ ಹಡಗಿನವರ ಬೆಳ್ಳಿ ಚಮಚಗಳೂ ಫೋರ್ಕುಗಳೂ ಇದ್ದವು. ರೇ ಅವನ್ನು ಕೊಂಡು ತಂದರು. ಲಂಡನ್ನಿಗೆ ಹೋಗಿ ಕೇಳಿದ್ದನ್ನು ಕೇಳಿದ ಹಾಗೇ ವರದಿ ಮಾಡಿದರು.

ದೇಶ ಸಿಟ್ಟಾಯಿತು. ನಮ್ಮ ನಾವಿಕರು ಹಾಗೆ ಮಾಡುವವರಲ್ಲ ಅನ್ನೋದು ಎಲ್ಲರ ಮಾತು. ಆ ಕಾಲದ ಅತಿ ದೊಡ್ಡ ಲೇಖಕರಲ್ಲಿ ಒಬ್ಬರಾದ ಚಾರ್ಲ್ಸ್ ಡಿಕನ್ಸ್ ತಮ್ಮ ವಾರಪತ್ರಿಕೆಯಲ್ಲಿ ಈ ಬಗ್ಗೆ ಉದ್ದಕ್ಕೆ ಬರೆದರು. ಇನುಯಿಟರ ಮಾತನ್ನು ನಂಬಬಾರದು, ಅವರೇ ನಮ್ಮವರನ್ನು ಕೊಂದಿರಲೂಬಹುದು ಅನ್ನುವ ಧಾಟಿಯಲ್ಲಿತ್ತು ಅದು. ರೇ ಅವರ ಹೆಸರು ಕೆಟ್ಟಿತು. ಇನುಯಿಟರನ್ನಂತೂ ಯಾರೂ ಕೇಳಲೇ ಇಲ್ಲ.

1860ರ ದಶಕದಲ್ಲಿ ಚಾರ್ಲ್ಸ್ ಫ್ರಾನ್ಸಿಸ್ ಹಾಲ್ ಎಂಬ ಅಮೆರಿಕನ್ ಇನುಯಿಟರ ನಡುವೆಯೇ ಇದ್ದು, ಅವರು ಹೇಳಿದ್ದನ್ನು ಪುಟಗಟ್ಟಲೆ ಬರೆದುಕೊಂಡರು. ಒಂದು ಹಡಗು ಎಲ್ಲಿ ಮುಳುಗಿತು ಅನ್ನುವ ಮಾಹಿತಿಯೂ ಆ ಮಾತುಗಳಲ್ಲಿತ್ತು. 1990ರ ದಶಕದಲ್ಲಿ ಆ ನಾವಿಕರ ಮೂಳೆಗಳನ್ನು ಪರೀಕ್ಷಿಸಿದಾಗ ಚಾಕುವಿನ ಗೆರೆಗಳು ಕಂಡವು. 2014ರಲ್ಲಿ ಎರೆಬಸ್ ಸಿಕ್ಕಿತು, ಇನುಯಿಟರ ಹಿರಿಯರು ಹಡಗು ಮುಳುಗಿದೆ ಎಂದು ಹೇಳುತ್ತಾ ಬಂದಿದ್ದ ಪ್ರದೇಶದಲ್ಲೇ. 2016ರಲ್ಲಿ ಟೆರರ್ ಸಿಕ್ಕಿತು. ಅದು ಸಿಕ್ಕಿದ್ದು, ಹುಡುಕಾಟದ ಹಡಗಿನಲ್ಲಿ ಕೆಲಸಕ್ಕಿದ್ದ ಸ್ಯಾಮಿ ಕೊಗ್ವಿಕ್ ಎಂಬ ಇನುಯಿಟ್ ವ್ಯಕ್ತಿ, ವರ್ಷಗಳ ಹಿಂದೆ ಮೀನು ಹಿಡಿಯಲು ಹೋಗಿದ್ದಾಗ ಹಿಮದ ಮೇಲೆ ಕಂಬದಂಥದ್ದೊಂದು ಎದ್ದು ನಿಂತಿದ್ದನ್ನು ನೋಡಿದ್ದೆ ಅಂತ ಹೇಳಿದ ಮೇಲೆ. ತಂಡದ ಮುಖ್ಯಸ್ಥರು ಆ ಮಾತು ನಂಬಿ ಹಡಗನ್ನು ಆ ಕಡೆ ತಿರುಗಿಸಿದರು.

ಈ ಕಥೆಯಲ್ಲಿ ನನ್ನನ್ನು ಬಿಡದೆ ಕಾಡುವುದು ಒಂದೇ ಸಂಗತಿ. ಯಾರಿಗೂ ಕೇಳಿಸಲಿಲ್ಲ ಅಂತ ಹೇಳುವ ಹಾಗಿಲ್ಲ. ಕೇಳಿಸಿತ್ತು. ಬರೆದಿಟ್ಟಿದ್ದರು. ಅಚ್ಚೂ ಆಗಿತ್ತು. ಆದರೆ ಓದಿದವರು ಅದನ್ನು ಒಂದು ಜನಾಂಗದ ಕಥೆ ಅಂತ ಓದಿದರೇ ಹೊರತು ಒಬ್ಬ ಸಾಕ್ಷಿಯ ಹೇಳಿಕೆ ಅಂತ ಓದಲಿಲ್ಲ. ಹಡಗನ್ನು ಕಣ್ಣಾರೆ ಕಂಡವರು ಹೇಳಿದ್ದಕ್ಕಿಂತ, ಸಾವಿರಾರು ಕಿಲೋಮೀಟರ್ ದೂರದಲ್ಲಿ ಕೂತವರ ಊಹೆಗೆ ಬೆಲೆ ಜಾಸ್ತಿ ಸಿಕ್ಕಿತು.

ರೇ ಮಾತ್ರ ಯಾಕೆ ನಂಬಿದರು? ನನಗೆ ಅನಿಸುವುದು ಇಷ್ಟು. ಅವರು ಅದಕ್ಕೂ ಮೊದಲೇ ಇನುಯಿಟರಿಂದ ಕೈಯಾರೆ ಕಲಿತಿದ್ದರು. ಹಿಮದ ಮನೆ ಕಟ್ಟುವುದು, ಕಡಿಮೆ ಸಾಮಾನಿನಲ್ಲಿ ದೂರ ನಡೆಯುವುದು, ದಾರಿಯಲ್ಲೇ ಬೇಟೆಯಾಡಿ ಹೊಟ್ಟೆ ತುಂಬಿಸಿಕೊಳ್ಳುವುದು. ಅವರು ಹೇಳಿಕೊಟ್ಟ ಪ್ರಕಾರ ಮಾಡಿದ್ದಕ್ಕೇ ರೇ ಬದುಕಿದ್ದರು. ಯಾರ ಜ್ಞಾನದ ಮೇಲೆ ನಮ್ಮ ಜೀವ ನಿಂತಿದೆಯೋ ಅವರ ಮಾತು ನಮಗೆ ಸುಳ್ಳು ಅಂತ ಸುಲಭಕ್ಕೆ ಅನಿಸುವುದಿಲ್ಲ. ಡಿಕನ್ಸ್ ಅವರಿಗೆ ಇನುಯಿಟರಿಂದ ಕಲಿಯಬೇಕಾದ್ದು ಏನೂ ಇರಲಿಲ್ಲ, ಅದಕ್ಕೇ ಅವರ ಮಾತು ಅಷ್ಟು ಹಗುರವಾಗಿ ಕಂಡಿತು.

ಬೇರೆ ಸಂಸ್ಕೃತಿಯವರ ಜೊತೆ ಹೇಗಿರಬೇಕು ಅನ್ನೋ ಮಾತು ಬಂದಾಗಲೆಲ್ಲ ಕೇಳಿಸಿಕೊಳ್ಳುವುದನ್ನು ಒಂದು ಒಳ್ಳೆಯ ನಡತೆಯ ಹಾಗೆ ಹೇಳುತ್ತೇವೆ. ಮಧ್ಯೆ ಬಾಯಿ ಹಾಕಬೇಡಿ, ತಲೆ ಆಡಿಸಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿ. (ಕಣ್ಣಲ್ಲಿ ಕಣ್ಣಿಡುವುದು ಎಷ್ಟೋ ಕಡೆ ಅಗೌರವ ಅನ್ನೋದು ಬೇರೆ ಮಾತು.) ಇದೆಲ್ಲ ಬೇಕು, ನಿಜ. ಆದರೆ ಅಡ್ಡಿ ಇರುವುದು ಇದಕ್ಕಿಂತ ಹಿಂದೆ. ನಾವು ಅವರ ಹತ್ತಿರ ಹೋಗುವ ಮೊದಲೇ ಒಂದು ಪಟ್ಟಿ ತಯಾರಾಗಿರುತ್ತದೆ. ಯಾವುದು ಮಾಹಿತಿ, ಯಾವುದು ನಂಬಿಕೆ, ಯಾವುದು ಸುಮ್ನೆ ಮಾತು ಅಂತ ನಾವು ವಿಂಗಡಿಸಿಬಿಟ್ಟಿರುತ್ತೇವೆ. ಆ ಮೇಲೆ ಎಷ್ಟು ತಾಳ್ಮೆಯಿಂದ ಕೂತರೂ ನಮ್ಮ ಪಟ್ಟಿಗೆ ಹೊಂದುವುದಷ್ಟೇ ಒಳಗೆ ಬರುತ್ತದೆ. ಕೇಳಿಸಿಕೊಳ್ಳುವುದು ಅಂದರೆ ಆ ಪಟ್ಟಿಯನ್ನೇ ಅವರು ತಿದ್ದಲು ಬಿಡುವುದು ಅಂತ ನಾನು ನಂಬಿದ್ದೇನೆ.

ಹಾಗಾದರೆ ಹೇಳಿದ್ದನ್ನೆಲ್ಲ ನಂಬಬೇಕಾ? ಈ ಪ್ರಶ್ನೆ ಬಂದೇ ಬರುತ್ತದೆ, ಬರಲೂಬೇಕು. ಇದಕ್ಕೆ ನನಗೆ ಸಿಕ್ಕ ಒಳ್ಳೆಯ ಉತ್ತರ ಅಲಾಸ್ಕಾದ್ದು.

1977ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಅಲ್ಲಿನ ಇನುಪಿಯಾಟ್ ಜನರ ಬೋಹೆಡ್ ತಿಮಿಂಗಿಲ ಬೇಟೆಯನ್ನು ನಿಷೇಧಿಸಲು ನಿರ್ಧರಿಸಿತು. ತಿಮಿಂಗಿಲಗಳ ಸಂಖ್ಯೆ ತೀರಾ ಕಡಿಮೆಯಾಗಿದೆ, ಹೆಚ್ಚೆಂದರೆ ಎರಡು ಸಾವಿರ ಇರಬಹುದು ಅನ್ನೋದು ವಿಜ್ಞಾನಿಗಳ ಅಂದಾಜು. ಬ್ಯಾರೋ ಎಂಬ ಊರಿನ ಹತ್ತಿರ, ವಸಂತದಲ್ಲಿ ಹಿಮ ಬಿರಿದು ನೀರಿನ ಕಾಲುವೆಗಳಂತೆ ತೆರೆದುಕೊಂಡಾಗ, ಹಿಮದ ಅಂಚಿನಲ್ಲಿ ನಿಂತು ಹಾದುಹೋಗುವ ತಿಮಿಂಗಿಲಗಳನ್ನು ಎಣಿಸುತ್ತಿದ್ದರು. ಬೇಟೆಗಾರರು ಹೇಳಿದ್ದೇ ಬೇರೆ. ನೀವು ನೋಡುತ್ತಿರುವುದು ಒಂದು ಭಾಗ ಮಾತ್ರ. ಕಾಲುವೆ ಮುಚ್ಚಿದರೂ ಅವು ನಿಲ್ಲುವುದಿಲ್ಲ, ಹಿಮದ ಕೆಳಗೇ ಸಾಗುತ್ತವೆ, ಉಸಿರಾಡಬೇಕೆಂದರೆ ತಲೆಯಿಂದ ಹಿಮ ಒಡೆಯುತ್ತವೆ. ದಡದಿಂದ ಬಹಳ ದೂರದಲ್ಲೂ ಹೋಗುತ್ತವೆ. ನಿಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೇ.

ಬೇಟೆ ನಿಂತರೆ ನಷ್ಟ ಅನುಭವಿಸುವವರು ಹೇಳುವ ಮಾತಿದು. ಸ್ವಾರ್ಥ ಇದೆ ಅಂತ ತಳ್ಳಿಹಾಕುವುದು ತುಂಬಾ ಸುಲಭವಿತ್ತು. ಆದರೆ ಅಲ್ಲಿ ಟಾಮ್ ಆಲ್ಬರ್ಟ್ ಎಂಬ ವಿಜ್ಞಾನಿ ಇದ್ದರು. ಹ್ಯಾರಿ ಬ್ರೋವರ್ ಎಂಬ ಅನುಭವಿ ಬೇಟೆಗಾರರು ವಿವರಿಸಿದ್ದನ್ನು ಅವರು ಮನಸ್ಸಿಟ್ಟು ಕೇಳಿಸಿಕೊಂಡರು, ಮತ್ತು ಆ ಮಾತನ್ನು ಪರೀಕ್ಷಿಸಬಹುದಾದ ಒಂದು ಹೇಳಿಕೆಯಾಗಿ ತೆಗೆದುಕೊಂಡರು. 1980ರ ದಶಕದಲ್ಲಿ ನೀರಿನೊಳಗೆ ಮೈಕ್ರೋಫೋನುಗಳನ್ನು ಇಳಿಸಲಾಯಿತು. ಮೇಲಿಂದ ವಿಮಾನದಲ್ಲೂ ಎಣಿಕೆ ನಡೆಯಿತು. ಕಾಲುವೆ ಪೂರ್ತಿ ಮುಚ್ಚಿದ್ದ ಹೊತ್ತಿನಲ್ಲೂ ಹಿಮದ ಕೆಳಗಿನಿಂದ ತಿಮಿಂಗಿಲಗಳ ದನಿ ಬಂತು. ಸಂಖ್ಯೆಯ ಅಂದಾಜು ಹಲವು ಸಾವಿರಕ್ಕೆ ಏರಿತು.

ಆಲ್ಬರ್ಟ್ ಕಣ್ಣುಮುಚ್ಚಿ ನಂಬಲಿಲ್ಲ. ಆದರೆ ಸುಳ್ಳು ಅಂತ ಸಾಬೀತಾಗುವ ತನಕ ಅದು ನಿಜವಿರಬಹುದು ಅನ್ನುವಷ್ಟು ಜಾಗ ಕೊಟ್ಟರು. ಆ ಜಾಗಕ್ಕಾಗಿ ದುಡ್ಡು, ಉಪಕರಣ, ವರ್ಷಗಟ್ಟಲೆ ಸಮಯ ಖರ್ಚು ಮಾಡಿಸಿದರು. ಯಾರ ಮಾತನ್ನಾದರೂ ಪರೀಕ್ಷೆಗೆ ಒಡ್ಡುವುದು ಅವಮಾನ ಅಂತ ಕೆಲವರು ಭಾವಿಸುತ್ತಾರೆ. ನನಗೆ ಹಾಗನಿಸುವುದಿಲ್ಲ. ಪರೀಕ್ಷಿಸುವ ಯೋಗ್ಯತೆಯೂ ಇಲ್ಲ ಅಂತ ನಯವಾಗಿ ನಕ್ಕು ಮುಂದೆ ಹೋಗುವುದು ಅದಕ್ಕಿಂತ ಎಷ್ಟೋ ದೊಡ್ಡ ಅವಮಾನ.

ಬೇಟೆಗಾರರ ಮಾತು ಕೊನೇಪಕ್ಷ ಮಾಹಿತಿಯ ರೂಪದಲ್ಲಿತ್ತು. ಇಂಥ ಕಡೆ ತಿಮಿಂಗಿಲ ಇದೆ, ಹೋಗಿ ನೋಡಿ ಅನ್ನೋ ಥರ. ಜ್ಞಾನ ಬೇರೆ ವೇಷದಲ್ಲಿ ಬಂದಾಗ ಕಷ್ಟ ಶುರುವಾಗುತ್ತದೆ.

ಬಾಲಿ ದ್ವೀಪದ ಭತ್ತದ ಗದ್ದೆಗಳ ವಿಷಯ ನೋಡಿ. ಅಲ್ಲಿ ರೈತರು ಸುಬಾಕ್ ಎಂಬ ನೀರಾವರಿ ಸಂಘಗಳಲ್ಲಿ ಸೇರಿಕೊಂಡಿದ್ದಾರೆ. ಯಾವ ಕಡೆಗೆ ಯಾವಾಗ ನೀರು, ಯಾವಾಗ ನಾಟಿ, ಯಾವಾಗ ಗದ್ದೆ ಖಾಲಿ ಅನ್ನೋದನ್ನು ನೀರಿನ ದೇವಾಲಯಗಳ ಜಾಲದ ಮೂಲಕ ಹೊಂದಿಸಿಕೊಳ್ಳುತ್ತಾ ಬಂದಿದ್ದಾರೆ. ಎಲ್ಲದಕ್ಕೂ ಮೇಲೆ ಬಾತೂರ್ ಬೆಟ್ಟದ ಸರೋವರದ ದೇವಾಲಯ. 1970ರ ದಶಕದಲ್ಲಿ ಹಸಿರು ಕ್ರಾಂತಿ ಬಂತು. ಹೊಸ ತಳಿ, ಗೊಬ್ಬರ, ಕೀಟನಾಶಕ. ದೇವಾಲಯದ ದಿನಗಣನೆ ಬಿಡಿ, ಎಷ್ಟು ಸಲ ಆಗುತ್ತೋ ಅಷ್ಟು ಸಲ ಬೆಳೆಯಿರಿ ಎಂದು ಸರ್ಕಾರ ಹೇಳಿತು. ಮೊದಲು ಇಳುವರಿ ಏರಿತು. ಕೆಲವೇ ವರ್ಷಗಳಲ್ಲಿ ನೀರಿನ ಹಂಚಿಕೆ ಅಸ್ತವ್ಯಸ್ತವಾಯಿತು. ಜಿಗಿಹುಳು, ಇಲಿ, ರೋಗ ಎಲ್ಲ ಒಟ್ಟಿಗೆ ಮುತ್ತಿದವು. ರೈತರೂ ಅರ್ಚಕರೂ ಹಳೆಯ ಪದ್ಧತಿಗೆ ಮರಳಬೇಕು ಅಂತ ಕೇಳಿಕೊಂಡರು. ಯೋಜನೆಯ ಸಲಹೆಗಾರರಿಗೆ ಅದು ಧರ್ಮದ ಮಾತಾಗಿ, ಹಳಬರ ಹಠವಾಗಿ ಕಂಡಿತು.

ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಅಲ್ಲೇ ಇದ್ದು ಇದನ್ನು ಗಮನಿಸುತ್ತಿದ್ದರು. ಆಮೇಲೆ ಅವರು ಜೇಮ್ಸ್ ಕ್ರೆಮರ್ ಎಂಬ ಪರಿಸರ ವಿಜ್ಞಾನಿಯ ಜೊತೆ ಸೇರಿ ಎರಡು ನದಿಗಳ 172 ಸುಬಾಕ್‌ಗಳ ಕಂಪ್ಯೂಟರ್ ಮಾದರಿ ಮಾಡಿದರು. ಪ್ರತಿಯೊಬ್ಬರೂ ತಮಗೆ ಬೇಕಾದಾಗ ನಾಟಿ ಮಾಡಿದರೆ ಕೀಟಗಳಿಗೆ ಎಲ್ಲಾದರೂ ಒಂದು ಕಡೆ ಆಹಾರ ಇದ್ದೇ ಇರುತ್ತದೆ. ಎಲ್ಲರೂ ಒಂದೇ ದಿನ ನಾಟಿ ಮಾಡಿದರೆ ಕೀಟ ಸಾಯುತ್ತದೆ, ಆದರೆ ನೀರು ಸಾಲುವುದಿಲ್ಲ. ಇವೆರಡರ ನಡುವೆ ಒಂದು ಅಳತೆ ಇದೆ. ಅಕ್ಕಪಕ್ಕದ ಕೆಲವು ಸುಬಾಕ್‌ಗಳು ಸೇರಿ ಒಟ್ಟಿಗೆ ಗದ್ದೆ ಖಾಲಿ ಬಿಡಬೇಕು, ಮಿಕ್ಕವು ಬೇರೆ ಹೊತ್ತಿನಲ್ಲಿ. ಹೆಚ್ಚು ಇಳುವರಿ ಬರುವ ಆ ಅಳತೆ ದೇವಾಲಯಗಳ ಜಾಲ ನಡೆಸುತ್ತಿದ್ದ ಅಳತೆಗೆ ಬಹಳ ಹತ್ತಿರವಿತ್ತು. 2012ರಲ್ಲಿ ಯುನೆಸ್ಕೋ ಬಾಲಿಯ ಈ ವ್ಯವಸ್ಥೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಪೂಜೆಯ ಒಳಗೆ ವಿಜ್ಞಾನ ಅಡಗಿತ್ತು ಅಂತ ಹೇಳಿ ಮುಗಿಸಲು ನನಗೆ ಇಷ್ಟವಿಲ್ಲ. ಹಾಗೆ ಹೇಳಿದರೆ ಮತ್ತೆ ನಮ್ಮ ಪಟ್ಟಿಗೇ ಅವರನ್ನು ತುರುಕಿದಂತಾಗುತ್ತದೆ. ಅರ್ಚಕರಿಗೆ ಅದು ಪೂಜೆಯೇ. ನೀರು ದೇವಿಯ ಕೊಡುಗೆಯೇ. ನೀರಿನ ಲೆಕ್ಕವೂ ಭಕ್ತಿಯೂ ಅವರ ಬದುಕಿನಲ್ಲಿ ಎರಡು ಬೇರೆ ಖಾತೆಗಳಲ್ಲ. ಹೊರಗಿನವರು ಒಂದನ್ನು ಮಾತ್ರ ಎತ್ತಿಕೊಂಡು ಇನ್ನೊಂದನ್ನು ಅಲಂಕಾರ ಅಂದುಕೊಂಡರೆ ಅರ್ಧವೇ ಕೇಳಿಸಿಕೊಂಡ ಹಾಗೆ.

ಇಂಡೊನೇಷ್ಯಾದ್ದೇ ಇನ್ನೊಂದು ದ್ವೀಪ ಸಿಮೆಲೂ. 1907ರಲ್ಲಿ ಅಲ್ಲಿ ಸುನಾಮಿ ಬಂದು ತುಂಬಾ ಜನ ಸತ್ತಿದ್ದರು. ಉಳಿದವರು ಅದನ್ನು ಹಾಡು ಮಾಡಿ, ಕಥೆ ಮಾಡಿ ಮಕ್ಕಳಿಗೆ ದಾಟಿಸಿದರು. ಭೂಮಿ ಜೋರಾಗಿ ನಡುಗಿ ಸಮುದ್ರ ಹಿಂದೆ ಸರಿದರೆ ಗುಡ್ಡಕ್ಕೆ ಓಡಿ ಅಂತ. 2004ರ ಡಿಸೆಂಬರ್ 26ರಂದು ಭೂಕಂಪದ ಕೇಂದ್ರಕ್ಕೆ ತೀರಾ ಹತ್ತಿರವಿದ್ದ ಆ ದ್ವೀಪದ ಸುಮಾರು 78,000 ಜನರಲ್ಲಿ ಸತ್ತವರು ಏಳು ಮಂದಿ. ಅದೇ ದಿನ ಪಕ್ಕದ ಸುಮಾತ್ರಾದಲ್ಲಿ ಸತ್ತವರು ಲಕ್ಷಕ್ಕೂ ಜಾಸ್ತಿ. ಜೋಗುಳದಲ್ಲಿ ಇಷ್ಟು ಮುಖ್ಯವಾದ ಮಾತು ಇರಬಹುದು ಅಂತ ಯಾವ ಸಮೀಕ್ಷೆಯ ನಮೂನೆಯಲ್ಲೂ ಒಂದು ಅಂಕಣ ಇರುವುದಿಲ್ಲ ಅಲ್ವಾ?

ನಮೂನೆ ಅಂದಾಗ ಪ್ರಶ್ನೆಗಳ ಬಗ್ಗೆ ಹೇಳಲೇಬೇಕು. ತಿಳಿಯುವ ಆಸೆ ಇರುವವರು ಪ್ರಶ್ನೆ ಕೇಳುತ್ತಾರೆ, ಅದು ಸಹಜ. ಆದರೆ ಪ್ರಶ್ನೆ ಎಲ್ಲ ಕಡೆ ಒಂದೇ ಕೆಲಸ ಮಾಡುವುದಿಲ್ಲ. 1976ರಲ್ಲಿ ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿಯ ಸುಪ್ರೀಂ ಕೋರ್ಟಿನಲ್ಲಿ ಅನುಂಗಾ ಪ್ರಕರಣ ಎಂದು ಹೆಸರಾದ ಒಂದು ಮೊಕದ್ದಮೆ ನಡೆಯಿತು. ಪೊಲೀಸರ ವಿಚಾರಣೆಯಲ್ಲಿ ಮೂಲನಿವಾಸಿಗಳು ಕೊಡುವ ಉತ್ತರಗಳನ್ನು ಹೇಗೆ ನೋಡಬೇಕು ಅನ್ನುವ ವಿಷಯ. ನ್ಯಾಯಮೂರ್ತಿ ಫಾರ್ಸ್ಟರ್ ಗಮನಿಸಿದ್ದು ಏನೆಂದರೆ, ಅಧಿಕಾರದಲ್ಲಿರುವವರು ಕೇಳಿದಾಗ ಎಷ್ಟೋ ಜನ ಕೇಳುವವರಿಗೆ ಬೇಕಾದ ಉತ್ತರವನ್ನೇ ಕೊಡುತ್ತಾರೆ. ಸೌಜನ್ಯಕ್ಕೆ ಹೌದು, ಈ ಮಾತು ಬೇಗ ಮುಗಿಯಲಿ ಅಂತ ಹೌದು, ಜಗಳ ಬೇಡ ಅಂತ ಹೌದು. ಆ ಹೌದುಗಳನ್ನು ನಂಬಿ ಜನರನ್ನು ಜೈಲಿಗೆ ಹಾಕಲಾಗುತ್ತಿತ್ತು. ನ್ಯಾಯಮೂರ್ತಿ ನಿಯಮಗಳನ್ನು ಹಾಕಿಕೊಟ್ಟರು. ಬೇಕಿದ್ದಲ್ಲಿ ದುಭಾಷಿ ಇರಬೇಕು. ಆರೋಪಿಗೆ ನಂಬಿಕೆಯ ಒಬ್ಬರು ಜೊತೆಗಿರಬೇಕು. ಉತ್ತರವನ್ನು ಬಾಯಿಗೆ ತುರುಕುವ ಪ್ರಶ್ನೆ ಕೇಳಬಾರದು. ಸುಮ್ಮನಿರುವ ಹಕ್ಕು ನಿಮಗಿದೆ ಅಂತ ಹೇಳಿ, ಅರ್ಥವಾಯಿತಾ ಅಂತ ಕೇಳಿ, ಹೌದು ಅನ್ನಿಸಿಕೊಂಡು ಬಿಡುವ ಹಾಗಿಲ್ಲ. ಅರ್ಥವಾದದ್ದನ್ನು ಅವರದೇ ಮಾತಿನಲ್ಲಿ, ಒಂದೊಂದೇ ತುಣುಕಾಗಿ ಹೇಳಿಸಬೇಕು.

ಇದು ಕೋರ್ಟಿಗೆ ಮಾತ್ರ ಸಂಬಂಧಪಟ್ಟದ್ದು ಅಂತ ನನಗನಿಸುವುದಿಲ್ಲ. ಹೌದಾ ಅಲ್ಲವಾ ಅಂತ ಉತ್ತರಿಸುವ ಪ್ರಶ್ನೆಯಲ್ಲಿ ಮುಕ್ಕಾಲು ಪಾಲು ಮಾತು ಕೇಳುವವರದ್ದೇ. ಎದುರಿನವರಿಗೆ ಉಳಿಯುವುದು ಒಂದು ಚಿಕ್ಕ ಜಾಗ. ಡಾಕ್ಟರುಗಳ ಲೋಕದಲ್ಲಿ ಇದನ್ನು ಅರಿತು 1978ರಲ್ಲೇ ಆರ್ಥರ್ ಕ್ಲೈನ್‌ಮನ್ ಮತ್ತು ಅವರ ಸಂಗಡಿಗರು ಕೆಲವು ತೆರೆದ ಪ್ರಶ್ನೆಗಳನ್ನು ಮುಂದಿಟ್ಟರು. ನಿಮಗೆ ಇದು ಯಾಕೆ ಬಂತು ಅನಿಸುತ್ತದೆ? ಈಗಲೇ ಯಾಕೆ ಶುರುವಾಯಿತು? ಇದರಲ್ಲಿ ನಿಮಗೆ ಹೆಚ್ಚು ಭಯ ಯಾವುದರದ್ದು? ಇಂಥ ಪ್ರಶ್ನೆ ಕೇಳಿ ಬಾಯಿ ಮುಚ್ಚಿಕೊಂಡಿದ್ದರೆ ರೋಗಿಯ ಲೋಕ ತಾನಾಗಿ ತೆರೆಯುತ್ತದೆ. ಮುಚ್ಚಿಕೊಂಡಿರುವುದೇ ಕಷ್ಟ. 1984ರಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಮಾಡಿದ ಅಧ್ಯಯನದಲ್ಲಿ, ರೋಗಿ ಮಾತು ಶುರು ಮಾಡಿ ಸರಾಸರಿ 18 ಸೆಕೆಂಡಿಗೆ ಡಾಕ್ಟರು ಮಧ್ಯೆ ಬಾಯಿ ಹಾಕುತ್ತಿದ್ದರು. ಇಬ್ಬರೂ ಒಂದೇ ಭಾಷೆ ಆಡುವವರಾದರೇ ಹೀಗೆ. ಬೇರೆ ಭಾಷೆ, ಬೇರೆ ನಾಡಾದರೆ ಕೇಳಬೇಕಾ?

ಮೌನದ ವಿಷಯವೂ ಇದಕ್ಕೇ ಅಂಟಿಕೊಂಡಿದೆ. 2009ರಲ್ಲಿ ತಾನ್ಯಾ ಸ್ಟೈವರ್ಸ್ ಮತ್ತಿತರರು ಹತ್ತು ಭಾಷೆಗಳ ಮಾತುಕತೆಯನ್ನು ಅಳೆದು ನೋಡಿದರು. ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಶುರುವಾಗುವ ನಡುವಿನ ಅಂತರ ಸರಾಸರಿ ಸುಮಾರು 200 ಮಿಲಿಸೆಕೆಂಡ್. ಜಪಾನಿಯಲ್ಲಿ ಹೆಚ್ಚುಕಡಿಮೆ ಅಂತರವೇ ಇಲ್ಲ. ಡೇನಿಶ್‌ನಲ್ಲಿ ಅರ್ಧ ಸೆಕೆಂಡಿಗೆ ಹತ್ತಿರ. ಗಡಿಯಾರದಲ್ಲಿ ಇದು ಏನೂ ಅಲ್ಲ. ಆದರೆ ಮಾತಿನ ಮಧ್ಯೆ ಅಷ್ಟು ಹೊತ್ತು ಕಾಯುವ ಅಭ್ಯಾಸ ಇಲ್ಲದವರಿಗೆ ಎದುರಿನವರು ಉತ್ತರ ಗೊತ್ತಿಲ್ಲದೆ ತಡವರಿಸುತ್ತಿದ್ದಾರೆ ಅಂತಲೋ, ಆಸಕ್ತಿಯೇ ಇಲ್ಲ ಅಂತಲೋ ಅನಿಸಿಬಿಡುತ್ತದೆ. ಹಲವು ದೇಶಗಳ ಜನ ಸೇರುವ ಆನ್‌ಲೈನ್ ಮೀಟಿಂಗುಗಳಲ್ಲಿ ನಾನು ಇದನ್ನು ಕಣ್ಣಾರೆ ನೋಡಿದ್ದೇನೆ. ಕೆಲವರು ಎಲ್ಲರ ಮಾತು ಪೂರ್ತಿ ನಿಂತ ಮೇಲೆಯೇ ಬಾಯಿ ತೆರೆಯುವವರು, ಅಷ್ಟರಲ್ಲಿ ಸಭೆ ನಡೆಸುವವರು ಸರಿ ಹಾಗಾದರೆ ಎಲ್ಲರ ಒಪ್ಪಿಗೆ ಇದೆ ಅಂದುಕೊಂಡು ಮುಂದಿನ ವಿಷಯಕ್ಕೆ ಹೋಗಿಬಿಟ್ಟಿರುತ್ತಾರೆ, ಸಭೆ ಮುಗಿದ ಮೇಲೆ ಅದೇ ಜನರ ಹತ್ತಿರ ಒಬ್ಬೊಬ್ಬರಾಗಿ ಮಾತಾಡಿದರೆ ಆಕ್ಷೇಪಗಳ ರಾಶಿಯೇ ಇರುತ್ತದೆ.

ಅಮೆರಿಕದ ಶಿಕ್ಷಣ ತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳಲ್ಲಿ ಕೂತು ಅಳೆದಿದ್ದರು. ಪ್ರಶ್ನೆ ಕೇಳಿದ ಟೀಚರು ಉತ್ತರಕ್ಕೆ ಕಾಯುವುದು ಹೆಚ್ಚೆಂದರೆ ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಯಿತು, ಗೊತ್ತಿಲ್ಲ ಅನ್ನೋದು ಕಡಿಮೆಯಾಯಿತು, ಮಕ್ಕಳೇ ಪ್ರಶ್ನೆ ಕೇಳಲು ಶುರು ಮಾಡಿದರು.

ಆದರೆ ಮೌನ ಅಂದರೆ ಉತ್ತರಕ್ಕಾಗಿ ಕಾಯುವ ಹೊತ್ತು ಮಾತ್ರ ಅಲ್ಲ. ಕೀತ್ ಬಾಸೊ ಎಂಬ ಮಾನವಶಾಸ್ತ್ರಜ್ಞರು ಅರಿಜೋನಾದ ಪಶ್ಚಿಮ ಅಪಾಚೆ ಜನರ ಬಗ್ಗೆ 1970ರಲ್ಲಿ ಬರೆದದ್ದನ್ನು ಓದಿದಾಗ ನನಗೆ ಇದು ಗಟ್ಟಿಯಾಗಿ ಮನಸ್ಸಿಗೆ ಬಂತು. ದೂರದ ವಸತಿ ಶಾಲೆಯಿಂದ ಮಕ್ಕಳು ತುಂಬಾ ದಿನದ ಮೇಲೆ ಮನೆಗೆ ಬಂದಾಗ ತಂದೆತಾಯಿ ಪ್ರಶ್ನೆಗಳ ಸುರಿಮಳೆ ಸುರಿಸುವುದಿಲ್ಲ. ಸುಮ್ಮನಿರುತ್ತಾರೆ. ಮಗು ತಾನಾಗಿ ಮಾತಾಡಲಿ ಅಂತ ಬಿಡುತ್ತಾರೆ. ಆ ಶಾಲೆ ಮಗುವನ್ನು ಬದಲಾಯಿಸಿರಬಹುದು, ಈಗ ಯಾರಾಗಿ ಬಂದಿದೆಯೋ ಅದನ್ನು ಮೊದಲು ಅರಿಯಬೇಕು. ಅಪಾಚೆಗಳು ಮಾತೇ ಆಡದ ಜನ ಅಂತ ಹೊರಗಿನವರು ಷರಾ ಬರೆದಿದ್ದರು. ತಮ್ಮ ಸ್ವಂತ ಮಗುವನ್ನೂ ಗೊತ್ತು ಅಂದುಕೊಳ್ಳದೆ ಹೊಸದಾಗಿ ಕೇಳಿಸಿಕೊಳ್ಳಲು ಕೂತಿದ್ದ ಅಪ್ಪಅಮ್ಮಂದಿರನ್ನು ನೋಡಿ ಹೀಗೆ ಬರೆದಿದ್ದರು ಅನ್ನೋದು ನನಗೆ ನಿಜಕ್ಕೂ ನೋವು ಕೊಡುತ್ತದೆ.

ತುಂಬಾ ದಿನ ಜೊತೆಗಿದ್ದು ಭಾಷೆ ಕಲಿತರೆ ಎಲ್ಲ ಸರಿಹೋಗುತ್ತದಾ? ಅದೂ ಸಾಲದು. ಪಪುವಾ ನ್ಯೂಗಿನಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಮಾನವಶಾಸ್ತ್ರಜ್ಞ ಬ್ರಾನಿಸ್ಲಾವ್ ಮಾಲಿನೋವ್ಸ್ಕಿ ಮೊದಲ ಮಹಾಯುದ್ಧದ ಕಾಲದಲ್ಲಿ ಡೇರೆ ಹಾಕಿಕೊಂಡು ಜನರ ನಡುವೆಯೇ ಇದ್ದರು. ಅವರ ಭಾಷೆ ಆಡಿದರು. ಆ ಕೆಲಸ ಎಷ್ಟು ಹೆಸರಾಯಿತೆಂದರೆ ಮುಂದಿನವರಿಗೆ ಅದೇ ದಾರಿಯಾಯಿತು. 1971ರಲ್ಲಿ ಆನೆಟ್ ವೈನರ್ ಎಂಬ ಮಾನವಶಾಸ್ತ್ರಜ್ಞೆ ಅದೇ ದ್ವೀಪಗಳಿಗೆ ಹೋದರು. ಹೋದ ಸ್ವಲ್ಪ ಹೊತ್ತಿನಲ್ಲೇ ಹೆಂಗಸರು ಅವರನ್ನು ಒಂದು ಸಾವಿನ ನಂತರದ ಸಮಾರಂಭಕ್ಕೆ ಕರೆದುಕೊಂಡು ಹೋದರು. ಅಲ್ಲಿ ಹೆಂಗಸರು ಬಾಳೆ ಎಲೆಯಿಂದ ಮಾಡಿದ ಕಟ್ಟುಗಳನ್ನೂ ಲಂಗಗಳನ್ನೂ ಸಾವಿರಾರು ಸಂಖ್ಯೆಯಲ್ಲಿ ಹಂಚುತ್ತಿದ್ದರು. ಅದು ಅಲ್ಲಿ ಸಂಪತ್ತು. ಗಂಡಸರ ಸ್ಥಾನಮಾನವೂ ಅದಕ್ಕೆ ಕಟ್ಟಿಬಿದ್ದಿತ್ತು. ಮಾಲಿನೋವ್ಸ್ಕಿಯವರ ಬರಹದಲ್ಲಿ ಈ ಸಂಪತ್ತಿಗೆ ಹೇಳಿಕೊಳ್ಳುವಂಥ ಜಾಗವೇ ಸಿಕ್ಕಿರಲಿಲ್ಲ. ಅವರು ಕೇಳಿಸಿಕೊಂಡಿದ್ದರು, ಆದರೆ ಯಾರನ್ನು? ಒಂದು ಊರಿನ ಪರವಾಗಿ ಮುಂದೆ ಬಂದು ಮಾತಾಡುವವರು ಸಾಮಾನ್ಯವಾಗಿ ಗಂಡಸರು, ಹಿರಿಯರು, ನಮ್ಮ ಭಾಷೆ ಬಲ್ಲವರು. ಅವರು ಹೇಳುವುದು ಸುಳ್ಳಲ್ಲ. ಅದು ಆ ಊರಿನ ಒಂದು ಮೂಲೆಯಿಂದ ಕಂಡದ್ದು.

ಇನ್ನು ಮಾತಿನಲ್ಲಿ ಬರದೇ ಇರುವ ಜ್ಞಾನ. ಮೈಕ್ರೊನೇಷಿಯಾದ ಸತಾವಲ್ ದ್ವೀಪದ ಮೌ ಪಿಯಾಲುಗ್ ಉಪಕರಣಗಳೇ ಇಲ್ಲದೆ ಸಾಗರ ದಾಟಬಲ್ಲವರಾಗಿದ್ದರು. ಹವಾಯಿಯಲ್ಲಿ ಆ ವಿದ್ಯೆ ಅಳಿದುಹೋಗಿತ್ತು. 1976ರಲ್ಲಿ ಅವರು ಹೊಕುಲೆಅ ಎಂಬ ಜೋಡಿ ದೋಣಿಯನ್ನು ಹವಾಯಿಯಿಂದ ತಹಿತಿಯ ತನಕ, ಸುಮಾರು 4,000 ಕಿಲೋಮೀಟರ್, ದಿಕ್ಸೂಚಿ ನಕ್ಷೆ ಏನೂ ಇಲ್ಲದೆ ನಡೆಸಿದರು. ನೈನೊವಾ ಥಾಂಪ್ಸನ್ ಎಂಬ ಹವಾಯಿಯ ಯುವಕ ಅವರ ಶಿಷ್ಯರಾದರು. ನಕ್ಷತ್ರಗಳ ಲೆಕ್ಕವನ್ನು ಥಾಂಪ್ಸನ್ ತಾರಾಲಯದಲ್ಲಿ ಕೂತು ತಾವೇ ಕಲಿತಿದ್ದರು. ಆದರೆ ಅಲೆಗಳ ಬಗ್ಗೆ ಅಷ್ಟು ಹೇಳಿಕೊಡಲು ಆಗುವುದಿಲ್ಲ. ಬೇರೆ ಬೇರೆ ದಿಕ್ಕಿನಿಂದ ಬರುವ ಅಲೆಗಳನ್ನು ದೋಣಿಯ ಕುಲುಕಾಟದಲ್ಲಿ ಮೈಯಿಂದಲೇ ಗುರುತಿಸಬೇಕು. ಮೌ ದೋಣಿಯ ಒಳಗೆ ಮಲಗಿಕೊಂಡೇ ಅದು ದಾರಿ ತಪ್ಪಿದ್ದನ್ನು ಹೇಳಬಲ್ಲವರಾಗಿದ್ದರು. ಇಂಥ ಗುರುವಿನ ಪಕ್ಕ ನೋಟ್‌ಬುಕ್ ಹಿಡಿದು ಕೂತರೆ ಎಷ್ಟು ಸಿಕ್ಕೀತು? ಗುರು ನೋಡುವ ಕಡೆ ನೋಡಬೇಕು, ಅವರು ಎಚ್ಚರವಿದ್ದಾಗ ಎಚ್ಚರವಿರಬೇಕು. 1980ರಲ್ಲಿ ಥಾಂಪ್ಸನ್ ಅದೇ ದಾರಿಯಲ್ಲಿ ತಾವೇ ದೋಣಿ ನಡೆಸಿದರು.

ಕಲಿಸುವವರಿಗೂ ಇದರ ಬೆಲೆ ತೆರಬೇಕಾಗುತ್ತದೆ. ಹೊರಗಿನವರಿಗೆ ವಿದ್ಯೆ ಕೊಟ್ಟದ್ದಕ್ಕೆ ಮೌ ಅವರನ್ನು ತಮ್ಮವರೇ ಕೆಲವರು ಆಕ್ಷೇಪಿಸಿದರು. ಸ್ವಂತ ಊರಿನ ಹುಡುಗರು ಕಲಿಯುತ್ತಿಲ್ಲ, ತಮ್ಮ ಜೊತೆಗೇ ಇದು ಹೋಗಿಬಿಡುತ್ತದೆ ಅನ್ನುವ ಚಿಂತೆ ಅವರಿಗಿತ್ತು. ಕಲಿಯಲು ಹೋಗುವವರು ಈ ತೂಕವನ್ನು ಮರೆಯಬಾರದು.

ಎಲ್ಲರೂ ಮೌ ಅವರ ಹಾಗೆ ಕೊಡಲು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ನ್ಯೂ ಮೆಕ್ಸಿಕೋದ ಝುನಿ ಜನರ ಅಹಯುದಾ ಎಂಬ ಮರದ ದೇವಮೂರ್ತಿಗಳನ್ನು 19ನೇ ಶತಮಾನದ ಕೊನೆಯಿಂದ ಸಂಗ್ರಹಕಾರರು, ಸಂಶೋಧಕರು ಒಯ್ದು ಮ್ಯೂಸಿಯಂಗಳಲ್ಲಿ ಇಟ್ಟಿದ್ದರು. 1978ರಿಂದ ಝುನಿ ಮುಖಂಡರು ಅವನ್ನು ವಾಪಸ್ ಕೇಳಲು ಶುರು ಮಾಡಿದರು. ಅವರ ವಾದ ಮ್ಯೂಸಿಯಂಗಳಿಗೆ ನುಂಗಲು ಕಷ್ಟವಿತ್ತು. ಇವು ಬಯಲಿನಲ್ಲಿ, ಗಾಳಿ ಮಳೆಗೆ ಒಡ್ಡಿಕೊಂಡು, ಕರಗಿ ಮಣ್ಣಾಗಬೇಕು, ಅದೇ ಅವುಗಳ ಕೆಲಸ ಅಂತ. ಉಳಿಸುವುದೇ ಮ್ಯೂಸಿಯಂನ ಧರ್ಮ. ಕೊಟ್ಟರೆ ಹಾಳಾಗುತ್ತದೆ ಅಂತ ಗೊತ್ತಿದ್ದೂ ಕೊಡಬೇಕು. 1987ರಲ್ಲಿ ಸ್ಮಿತ್ಸೋನಿಯನ್ ಕೊಟ್ಟಿತು. ಬೇರೆಯವೂ ಒಂದೊಂದಾಗಿ ಕೊಟ್ಟವು. ಅವುಗಳ ಬಗ್ಗೆ ಇನ್ನೂ ತಿಳಿಯಬೇಕಿತ್ತು ಅಂತ ಸಂಶೋಧಕರಿಗೆ ಅನಿಸಿದ್ದರೆ ಅದು ಸಹಜ. ಆದರೆ ಇದನ್ನು ನೀವು ತಿಳಿಯಬೇಕಾಗಿಲ್ಲ ಅನ್ನೋದೂ ಒಂದು ಮಾತೇ. ಅದನ್ನು ಕೇಳಿಸಿಕೊಳ್ಳದವರಿಗೆ ಮಿಕ್ಕ ಮಾತುಗಳನ್ನು ಯಾಕೆ ಹೇಳಬೇಕು?

ಕೊನೆಗೆ ಒಂದು ಕೆಲಸದ ಮಾತು. ಬೇರೆ ಊರಿನ, ಬೇರೆ ಭಾಷೆಯ, ಬೇರೆ ನಂಬಿಕೆಯವರಿಂದ ಏನಾದರೂ ಕಲಿತು ಬರೆಯುವವರು, ಯೋಜನೆ ಮಾಡುವವರು, ಪಾಠ ಮಾಡುವವರು ಯಾರೇ ಇರಲಿ, ತಮಗೆ ಅರ್ಥವಾದದ್ದನ್ನು ವಾಪಸ್ ಹೋಗಿ ಅವರಿಗೇ ಹೇಳಬೇಕು. ಸರಿಯಾಗಿದೆಯಾ ಅಂತ ಕೇಳಿದರೆ ಮತ್ತೆ ಆ ಸೌಜನ್ಯದ ಹೌದೇ ಬರುತ್ತದೆ. ಇದರಲ್ಲಿ ಎಲ್ಲಿ ತಪ್ಪಿದೆ, ಏನು ಬಿಟ್ಟುಹೋಗಿದೆ, ಇನ್ಯಾರನ್ನು ಕೇಳಬೇಕು ಅಂತ ಕೇಳಿ ಕಾಯಬೇಕು. ತಿದ್ದಿದ ಮೇಲೆ ಮತ್ತೊಮ್ಮೆ ತೆಗೆದುಕೊಂಡು ಹೋಗಬೇಕು. ಮೊದಲ ಸಲ ಅವರು ಹೆಸರು, ದಿನಾಂಕದಂಥ ಸಣ್ಣಪುಟ್ಟದ್ದನ್ನು ತಿದ್ದುತ್ತಾರೆ. ಎರಡನೇ ಸಲ ಹೋದವರು ಕಡಿಮೆ. ಹಾಗಾಗಿ ಈ ಮನುಷ್ಯ ನಿಜಕ್ಕೂ ತಿದ್ದಿಕೊಳ್ಳುತ್ತಾನೆ ಅಂತ ಅವರಿಗೆ ಖಾತ್ರಿಯಾಗುವುದು ಆಗಲೇ, ನೀವು ಕೇಳಿದ ಪ್ರಶ್ನೆಯೇ ಸರಿಯಿರಲಿಲ್ಲ ಅಂತ ಬಾಯಿ ಬಿಟ್ಟು ಹೇಳುವುದೂ ಆಗಲೇ.